ಓದುಗರ ಪ್ರಶ್ನೋತ್ತರ: ಟರ್ಮಿನಲ್ ಕರ್ಸರ್‌ಗೆ ಬೇಕಾದ ರೂಪ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನ ಕರ್ಸರ್‌ಗೆ ಸಂಬಂಧಿಸಿದವಾದ್ದರಿಂದ ಅವನ್ನೆಲ್ಲ ಒಟ್ಟಿಗೇ ಕೈಗೆತ್ತಿಕೊಂಡಿದ್ದೇವೆ. ಇಲ್ಲಿ ಕರ್ಸರ್ ಎಂದರೆ ಮೌಸ್‌ನೊಡನೆ ಓಡಾಡುವ ಬಾಣವಲ್ಲ, ಮುಂದಿನ ಅಕ್ಷರ ಎಲ್ಲಿ ಮೂಡಲಿದೆ ಎಂಬುದನ್ನು ತೋರಿಸುವ ಗುರುತು. ಆಜ್ಞೆಗಳ ಮತ್ತು ಕಡತಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ದೊಡ್ಡ ಅಕ್ಷರ ಎಂದು ಹೇಳಿರುವ ಕಡೆ ಬಿಟ್ಟು ಉಳಿದೆಡೆ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಪ್ರಶ್ನೆ: ದೊಡ್ಡ ಪರದೆಯಲ್ಲಿ, ಕಪ್ಪು ಹಿನ್ನೆಲೆಯಲ್ಲಿ ಕೆಲಸ ಮಾಡುತ್ತೇನೆ. ಬೇರೆ ಕಿಟಕಿಗೆ ಹೋಗಿ ಮರಳಿ ಬಂದಾಗಲೆಲ್ಲ ಕರ್ಸರ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅದರ ರೂಪವನ್ನು ಎಲ್ಲಿ ಬದಲಾಯಿಸಬೇಕು, ಯಾವ ರೂಪ ಒಳ್ಳೆಯದು?

ಉತ್ತರ: ಕರ್ಸರ್ ಅನ್ನು ಪರದೆಯ ಮೇಲೆ ಚಿತ್ರಿಸುವುದು ಟರ್ಮಿನಲ್ ತಂತ್ರಾಂಶವೇ ಹೊರತು ಅದರೊಳಗೆ ಓಡುತ್ತ ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್, ಜೆಡ್‌ಶೆಲ್ ಮುಂತಾದ ಶೆಲ್‌ಗಳಲ್ಲ. ಹಾಗಾಗಿ ಮೊದಲು ತೆರೆಯಬೇಕಾದದ್ದು ಟರ್ಮಿನಲ್‌ನ ಸೆಟ್ಟಿಂಗ್ಸ್. ಗ್ನೋಮ್ ಟರ್ಮಿನಲ್‌ನ ಪ್ರಿಫರೆನ್ಸಸ್‌ನಲ್ಲಿ ನಿಮ್ಮ ಪ್ರೊಫೈಲ್ ಆರಿಸಿದರೆ ಟೆಕ್ಸ್ಟ್ ವಿಭಾಗದಲ್ಲಿ ಕರ್ಸರ್‌ನ ಆಕಾರ ಮತ್ತು ಮಿನುಗು, ಕಲರ್ಸ್ ವಿಭಾಗದಲ್ಲಿ ಅದರ ಬಣ್ಣ ಸಿಗುತ್ತವೆ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಪ್ರೊಫೈಲ್ಸ್‌ನೊಳಗಿನ ಟೆಕ್ಸ್ಟ್ ವಿಭಾಗದಲ್ಲಿಯೂ, ವಿಂಡೋಸ್ ಟರ್ಮಿನಲ್‌ನಲ್ಲಿ ಪ್ರೊಫೈಲ್‌ನ ಅಪಿಯರೆನ್ಸ್ ಪುಟದಲ್ಲಿಯೂ, ಪುಟ್ಟಿಯಲ್ಲಿ ವಿಂಡೋ ಶೀರ್ಷಿಕೆಯಡಿಯ ಅಪಿಯರೆನ್ಸ್‌ನಲ್ಲಿಯೂ ಆಕಾರದ ಆಯ್ಕೆಗಳಿವೆ. ಕಿಟ್ಟಿ, ಅಲಕ್ರಿಟಿಗಳಂತಹ ಟರ್ಮಿನಲ್‌ಗಳಲ್ಲಿ ಮಾತ್ರ ಗುಂಡಿ ಒತ್ತುವ ಬದಲು ಅವುಗಳ ಸಂರಚನಾ ಕಡತದಲ್ಲಿ ಒಂದೆರಡು ಸಾಲು ಬರೆಯಬೇಕಾಗುತ್ತದೆ.

ಎಲ್ಲೆಡೆಯೂ ಸಿಗುವ ಆಕಾರಗಳು ಮೂರು: ಇಡೀ ಅಕ್ಷರವನ್ನು ಮುಚ್ಚುವ ಚೌಕ, ಅಡಿಗೆರೆ ಮತ್ತು ಅಕ್ಷರದ ಎಡಕ್ಕೆ ನಿಲ್ಲುವ ಕಡ್ಡಿ. ವಿಂಡೋಸ್ ಟರ್ಮಿನಲ್‌ನಲ್ಲಿ ಇವುಗಳ ಜೊತೆಗೆ ಪೊಳ್ಳು ಚೌಕ, ಜೋಡಿ ಅಡಿಗೆರೆ ಮತ್ತು ವಿಂಟೇಜ್ ಎಂಬ ದಪ್ಪ ಅಡಿಗೆರೆಯೂ ಇದ್ದು, ಈ ವಿಂಟೇಜ್‌ನ ಎತ್ತರವನ್ನು 1ರಿಂದ 100ರವರೆಗೆ ಶೇಕಡಾವಾರಿನಲ್ಲಿ ಹೊಂದಿಸಬಹುದು. ಈ ಎತ್ತರದ ಲೆಕ್ಕಕ್ಕೆ ಹಳೆಯ ಹಿನ್ನೆಲೆಯಿದೆ. 1981ರ ಐಬಿಎಂ ಪಿಸಿಯಲ್ಲಿ ಕರ್ಸರ್ ಮೂಡಿಸುತ್ತಿದ್ದುದು ಮೊಟೊರೊಲಾ 6845 ಎಂಬ ಬಿಲ್ಲೆ (ಚಿಪ್). ಅಕ್ಷರದ ಚೌಕಟ್ಟಿನ ಎಷ್ಟನೆಯ ಗೆರೆಯಿಂದ ಎಷ್ಟನೆಯ ಗೆರೆಯವರೆಗೆ ಬೆಳಗಬೇಕೆಂದು ಅದಕ್ಕೆ ಎರಡು ಅಂಕಿಗಳಲ್ಲಿ ತಿಳಿಸಬೇಕಿತ್ತು. 14 ಗೆರೆಗಳ ಏಕವರ್ಣ ಪರದೆಯಲ್ಲಿ 11 ಮತ್ತು 12ನೆಯ ಗೆರೆಗಳು, 8 ಗೆರೆಗಳ, ಸಿಜಿಎ ಎಂಬ ಬಣ್ಣದ ಪರದೆಯಲ್ಲಿ 6 ಮತ್ತು 7ನೆಯವು ಬೆಳಗುತ್ತಿದ್ದವು, ಎಣಿಕೆ ಸೊನ್ನೆಯಿಂದ. ಬಹಳ ಕಾಲ ಪಿಸಿ ಬಳಸಿದವರಿಗೆ ದಪ್ಪ ಅಡಿಗೆರೆಯೇ ಕರ್ಸರ್‌ನ ಸಹಜ ರೂಪವೆನಿಸುವುದಕ್ಕೆ ಕಾರಣ ಇದೇ.

ನಿಮ್ಮ ತೊಂದರೆಗೆ ನಮ್ಮ ಸಲಹೆ ಹೀಗಿದೆ: ಮೊದಲು ಬಣ್ಣ ಬದಲಾಯಿಸಿ, ಅದರಿಂದ ಸಾಲದಿದ್ದರೆ ಆಕಾರವನ್ನು ಚೌಕ ಮಾಡಿ, ಮಿನುಗನ್ನು ಕೊನೆಗೆ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳ ನಡುವೆ ಬಿಳಿ ಕರ್ಸರ್ ಕಾಣದಿರುವುದು ಸಹಜ. ಅದೇ ಕರ್ಸರ್ ಕಿತ್ತಳೆಯೋ ತೆಳು ಹಸಿರೋ ಆಗಿದ್ದರೆ, ಪರದೆಯಲ್ಲಿ ಆ ಬಣ್ಣ ಬೇರೆಲ್ಲೂ ಇಲ್ಲದಿರುವ ಕಾರಣ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಇನ್ನೊಂದು ಮಾತು: ಬೇರೆ ಕಿಟಕಿಯಲ್ಲಿ ಕೆಲಸ ಮಾಡುತ್ತಿರುವಾಗ ಬಹುತೇಕ ಟರ್ಮಿನಲ್‌ಗಳು ತಮ್ಮ ಚೌಕವನ್ನು ಪೊಳ್ಳಾಗಿ ತೋರಿಸುತ್ತವೆ. ಅದು ದೋಷವಲ್ಲ, ಈಗ ಒತ್ತುವ ಕೀಲಿಗಳು ಇಲ್ಲಿಗೆ ಬರುವುದಿಲ್ಲ ಎಂಬ ಸೂಚನೆ.

ಪ್ರಶ್ನೆ: ಸೆಟ್ಟಿಂಗ್ಸ್‌ನಲ್ಲಿ ಕಡ್ಡಿ ಆಕಾರವನ್ನು ಆರಿಸಿದ್ದೇನೆ. ಟರ್ಮಿನಲ್ ತೆರೆದಾಗ ಕಡ್ಡಿಯೇ ಇರುತ್ತದೆ. ಆದರೆ ವಿಮ್ ಸಂಪಾದಕವನ್ನು ಒಮ್ಮೆ ತೆರೆದು ಮುಚ್ಚಿದ ಮೇಲೆ ಚೌಕವಾಗಿ ಉಳಿದುಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಕಡ್ಡಿ ಎಂದೇ ಇದೆ. ಇದು ಯಾವ ದೋಷ?

ಉತ್ತರ: ದೋಷವಲ್ಲ. ಸೆಟ್ಟಿಂಗ್ಸ್‌ನಲ್ಲಿ ನೀವು ಆರಿಸಿದ್ದು ಆರಂಭದ ರೂಪವನ್ನು ಮಾತ್ರ. ಆ ಬಳಿಕ ಟರ್ಮಿನಲ್‌ನೊಳಗೆ ಓಡುವ ಯಾವ ಪ್ರೋಗ್ರಾಮ್ ಬೇಕಾದರೂ ಕರ್ಸರ್‌ನ ರೂಪ ಬದಲಾಯಿಸುವಂತೆ ಟರ್ಮಿನಲ್‌ಗೆ ಆದೇಶ ಕೊಡಬಹುದು, ಮತ್ತು ಕೊನೆಗೆ ಬಂದ ಆದೇಶವೇ ಉಳಿಯುತ್ತದೆ. ಆದೇಶ ಕೊಟ್ಟ ಪ್ರೋಗ್ರಾಮ್ ಮುಗಿದು ಹೋದದ್ದು ಟರ್ಮಿನಲ್‌ಗೆ ತಿಳಿಯುವುದೇ ಇಲ್ಲ. ತನ್ನ ಬಳಿಗೆ ಬರುವ ಅಕ್ಷರಗಳ ಸಾಲು ಬ್ಯಾಶ್‌ನಿಂದ ಬಂತೋ ವಿಮ್‌ನಿಂದ ಬಂತೋ ಎಂದು ಅದು ವಿಚಾರಿಸುವುದಿಲ್ಲ.

ಆ ಆದೇಶವನ್ನು ಹತ್ತಿರದಿಂದ ನೋಡೋಣ. ಎಸ್ಕೇಪ್ ಅಕ್ಷರ, ಅದರ ಬೆನ್ನಿಗೆ ಎಡ ಚೌಕಾವರಣ, ಒಂದು ಅಂಕಿ, ಒಂದು ಖಾಲಿ ಜಾಗ, ಕೊನೆಗೆ ಸಣ್ಣ ಕ್ಯೂ ಅಕ್ಷರ, ಇಷ್ಟೇ. ಪ್ರಾಂಪ್ಟ್‌ನಲ್ಲಿ, ಅಂದರೆ ಶೆಲ್ ನಿಮ್ಮ ಆಜ್ಞೆಗಾಗಿ ಕಾಯುವ ಸಾಲಿನಲ್ಲಿ, ಪರೀಕ್ಷಿಸಲು ಪ್ರಿಂಟ್‌ಎಫ್ ಎಂದು ಟೈಪ್ ಮಾಡಿ, ಒಂಟಿ ಉದ್ಧರಣ ಚಿಹ್ನೆಗಳ ನಡುವೆ \033[6 ಎಂದು ಬರೆದು, ಒಂದು ಜಾಗ ಬಿಟ್ಟು, ಕ್ಯೂ ಅಕ್ಷರ ಸೇರಿಸಿ ಎಂಟರ್ ಒತ್ತಿ, ಕರ್ಸರ್ ತಕ್ಷಣ ನಿಶ್ಚಲವಾದ ಕಡ್ಡಿಯಾಗುತ್ತದೆ. 6ರ ಬದಲಿಗೆ 5 ಬರೆದರೆ ಮಿನುಗುವ ಕಡ್ಡಿ, 4 ಎಂದರೆ ನಿಶ್ಚಲ ಅಡಿಗೆರೆ, 3 ಮಿನುಗುವ ಅಡಿಗೆರೆ, 2 ನಿಶ್ಚಲ ಚೌಕ, 1 ಮಿನುಗುವ ಚೌಕ. ಮೊದಲ ನಾಲ್ಕು ಅಂಕಿಗಳು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವಿಟಿ510 ಪೀಳಿಗೆಯ ಟರ್ಮಿನಲ್‌ಗಳಿಂದ ಬಂದವು. ಕಡ್ಡಿಯ 5 ಮತ್ತು 6 ಆಮೇಲೆ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ತಂತ್ರಾಂಶ ಸೇರಿಸಿದವು. ಅಂಕಿಯ ನಂತರದ ಖಾಲಿ ಜಾಗವನ್ನು ಮರೆಯಬೇಡಿ. ಅದಿಲ್ಲದಿದ್ದರೆ ಆದೇಶದ ಅರ್ಥವೇ ಬೇರೆಯಾಗುತ್ತದೆ: ಹಳೆಯ ಟರ್ಮಿನಲ್‌ಗಳ ಕೀಲಿಮಣೆಯ ಮೇಲಿದ್ದ ಪುಟ್ಟ ದೀಪಗಳನ್ನು ಹೊತ್ತಿಸುವ ಆದೇಶವದು. ‘ಹೇಳಿದಂತೆಯೇ ಮಾಡಿದೆ, ಏನೂ ಆಗಲಿಲ್ಲ’ ಎಂದು ನಮಗೆ ಬರೆಯುವವರಲ್ಲಿ ಹೆಚ್ಚಿನವರು ಎಡವಿರುವುದು ಈ ಒಂದು ಜಾಗದಲ್ಲಿ.

ನಿಮ್ಮ ವಿಮ್ ಸಂರಚನಾ ಕಡತದಲ್ಲಿ, ಅಕ್ಷರ ತುಂಬುವ ಸ್ಥಿತಿಗೆ ಒಂದು ಆಕಾರ, ಉಳಿದ ಸ್ಥಿತಿಗೆ ಇನ್ನೊಂದು ಆಕಾರ ಎಂದು ಹೇಳುವ ಎರಡು ಸಾಲುಗಳು ಇದ್ದೇ ಇರುತ್ತವೆ. ಟಿ, ಅಡಿಗೆರೆ, ದೊಡ್ಡ ಅಕ್ಷರದಲ್ಲಿ ಎಸ್‌ಐ ಮತ್ತು ಟಿ, ಅಡಿಗೆರೆ, ದೊಡ್ಡ ಅಕ್ಷರದಲ್ಲಿ ಇಐ ಎಂಬ ಹೆಸರುಗಳಿಂದ ಅವನ್ನು ಗುರುತಿಸಬಹುದು. ಎರಡನೆಯದರಲ್ಲಿ 2 ಎಂಬ ಅಂಕಿಯಿದ್ದರೆ, ವಿಮ್‌ನಿಂದ ಹೊರಬರುವಾಗ ನೀವು ಆ ಸ್ಥಿತಿಯಲ್ಲೇ ಇರುವುದರಿಂದ ಚೌಕ ಹಾಗೆಯೇ ಉಳಿಯುತ್ತದೆ. ನಿಯೋವಿಮ್‌ನಲ್ಲಿ ಇದೇ ಕೆಲಸವನ್ನು ಗುಯ್‌ಕರ್ಸರ್ ಎಂಬ ಒಂದೇ ಆಯ್ಕೆ ಮಾಡುತ್ತದೆ.

ಪರಿಹಾರ ಎರಡು ಬಗೆ. ವಿಮ್ ಮುಚ್ಚುವಾಗ ನಿಮ್ಮ ಆಕಾರದ ಆದೇಶವನ್ನು ಕಳುಹಿಸುವಂತೆ ಅದರ ಕಡತದಲ್ಲೇ ಬರೆಯುವುದು ಮೊದಲನೆಯದು. ಆದರೆ ಇಂದು ವಿಮ್, ನಾಳೆ ಬೇರೊಂದು. ಒಂದೊಂದಕ್ಕೂ ಕಾವಲು ಹಾಕುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ನಮ್ಮ ಒಲವು ಎರಡನೆಯದರ ಕಡೆಗೆ: ಶೆಲ್ ಪ್ರತಿ ಬಾರಿ ಪ್ರಾಂಪ್ಟ್ ತೋರಿಸುವ ಮುನ್ನ ಆ ಆದೇಶವನ್ನು ತಾನೇ ಕಳುಹಿಸುವಂತೆ ಮಾಡುವುದು. ಬ್ಯಾಶ್‌ನಲ್ಲಿ ಪ್ರಾಂಪ್ಟ್_ಕಮಾಂಡ್ ಎಂಬ ಚರಕ್ಕೆ, ಅದನ್ನು ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಬರೆದು, ಮೇಲಿನ ಪ್ರಿಂಟ್‌ಎಫ್ ಸಾಲನ್ನು ಕೊಡಿ. ಜೆಡ್‌ಶೆಲ್‌ನಲ್ಲಿ ಪ್ರಿಸಿಎಂಡಿ ಎಂಬ ಫಂಕ್ಷನ್‌ನೊಳಗೆ ಅದೇ ಸಾಲನ್ನು ಇಡಿ. ಯಾವ ಪ್ರೋಗ್ರಾಮ್ ಏನೇ ಮಾಡಿ ಹೋಗಿರಲಿ, ಪ್ರಾಂಪ್ಟ್ ಮರಳುವ ಹೊತ್ತಿಗೆ ಕರ್ಸರ್ ನಿಮ್ಮದಾಗಿರುತ್ತದೆ.

ಅಂಕಿ ಆರಿಸುವಾಗ 0 ಕೊಡಬಹುದೇ ಎಂಬ ಪ್ರಶ್ನೆ ಏಳುತ್ತದೆ. ಗ್ನೋಮ್ ಟರ್ಮಿನಲ್ ಮತ್ತು ವಿಂಡೋಸ್ ಟರ್ಮಿನಲ್‌ಗಳಲ್ಲಿ 0 ಎಂದರೆ ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಆರಿಸಿದ ರೂಪಕ್ಕೆ ಮರಳು ಎಂದರ್ಥ, ಹಾಗಾಗಿ ಅಲ್ಲಿ ಅದೇ ಉತ್ತಮ. ಎಕ್ಸ್‌ಟರ್ಮ್‌ನ ಕೈಪಿಡಿಯಲ್ಲಾದರೋ 0 ಎಂದರೂ ಮಿನುಗುವ ಚೌಕವೇ. ಒಂದೇ ಸಂರಚನಾ ಕಡತವನ್ನು ಹಲವು ಯಂತ್ರಗಳಲ್ಲಿ ಬಳಸುವವರು ಬೇಕಾದ ಅಂಕಿಯನ್ನೇ ನೇರವಾಗಿ ಬರೆಯುವುದು ಕ್ಷೇಮ.

ಆದೇಶ ಯಾರಿಂದ ಬರುತ್ತಿದೆ ಎಂದು ತಿಳಿಯದಿದ್ದರೆ ಬ್ಯಾಶ್ ಅನ್ನು ನೋಆರ್‌ಸಿ ಎಂಬ ಆಯ್ಕೆಯೊಡನೆ, ಅಂದರೆ ಆರಂಭದ ಕಡತ ಓದದಂತೆ, ಹೊಸ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಆಕಾರ ಸರಿಯಿದ್ದರೆ ಆದೇಶ ನಿಮ್ಮ ಆರಂಭದ ಕಡತದಲ್ಲಿದೆ. ಕಿಟ್ಟಿ ಬಳಸುವವರಿಗೆ ಒಂದು ಸೂಚನೆ: ಅದರ ಶೆಲ್ ಇಂಟಿಗ್ರೇಶನ್ ಸೌಲಭ್ಯವು ಪ್ರಾಂಪ್ಟ್‌ನಲ್ಲಿ ಕರ್ಸರ್ ಅನ್ನು ತಾನೇ ಕಡ್ಡಿಯಾಗಿಸುತ್ತದೆ, ಬೇಡವಾದರೆ ಆ ಸೌಲಭ್ಯಕ್ಕೆ ನೋ-ಕರ್ಸರ್ ಎಂಬ ಪದವನ್ನು ಸೇರಿಸಬೇಕು.

ಪ್ರಶ್ನೆ: ಬ್ಯಾಶ್‌ನಲ್ಲಿ ವಿಐ ಎಂಬ ಹಳೆಯ ಸಂಪಾದಕದ ಶೈಲಿಯ ಸಂಪಾದನೆಯನ್ನು ಬಳಸುತ್ತೇನೆ. ಅಕ್ಷರ ತುಂಬುವ ಸ್ಥಿತಿಯಲ್ಲಿದ್ದೇನೋ ಆಜ್ಞೆಯ ಸ್ಥಿತಿಯಲ್ಲಿದ್ದೇನೋ ಕರ್ಸರ್ ನೋಡಿಯೇ ತಿಳಿಯುವಂತೆ ಮಾಡಬಹುದೇ?

ಉತ್ತರ: ಮಾಡಬಹುದು, ಮತ್ತು ಕರ್ಸರ್‌ನ ಆಕಾರ ಬದಲಾಯಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಇನ್ನೊಂದಿಲ್ಲ, ಇಲ್ಲಿ ಆಕಾರವು ಅಲಂಕಾರವಾಗಿರದೆ ಮಾಹಿತಿಯಾಗುತ್ತದೆ.

ಬ್ಯಾಶ್‌ನಲ್ಲಿ ಸಾಲನ್ನು ತಿದ್ದುವ ಹೊಣೆ ರೀಡ್‌ಲೈನ್ ಎಂಬ ಲೈಬ್ರರಿಯದು. ಅದರ ಸಂರಚನಾ ಕಡತ ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ, ಚುಕ್ಕೆಯಿಂದ ಆರಂಭವಾಗುವ ಇನ್‌ಪುಟ್‌ಆರ್‌ಸಿ. ಅದರಲ್ಲಿ ಮೊದಲು ಎಡಿಟಿಂಗ್-ಮೋಡ್ ಅನ್ನು ವಿಐ ಎಂದೂ, ಶೋ-ಮೋಡ್-ಇನ್-ಪ್ರಾಂಪ್ಟ್ ಅನ್ನು ಆನ್ ಎಂದೂ ಬರೆಯಿರಿ. ಇಷ್ಟಕ್ಕೆ ನಿಲ್ಲಿಸಿದರೆ ಪ್ರಾಂಪ್ಟ್‌ನ ಮುಂದೆ ಆವರಣದೊಳಗೆ ಐಎನ್‌ಎಸ್ ಅಥವಾ ಸಿಎಂಡಿ ಎಂಬ ಅಕ್ಷರಗಳು ಕಾಣಿಸುತ್ತವೆ. ಆ ಅಕ್ಷರಗಳ ಜಾಗದಲ್ಲಿ ಕರ್ಸರ್‌ನ ಆದೇಶವನ್ನೇ ಇಡುವುದು ಇಲ್ಲಿನ ಉಪಾಯ: ವಿಐ-ಇನ್ಸ್-ಮೋಡ್-ಸ್ಟ್ರಿಂಗ್‌ಗೆ 6 ಇರುವ ಆದೇಶವನ್ನೂ ವಿಐ-ಸಿಎಂಡಿ-ಮೋಡ್-ಸ್ಟ್ರಿಂಗ್‌ಗೆ 2 ಇರುವ ಆದೇಶವನ್ನೂ ಕೊಡಬೇಕು. ಎರಡರಲ್ಲಿಯೂ ಆದೇಶದ ಆರಂಭಕ್ಕೆ \1 ಮತ್ತು ಕೊನೆಗೆ \2 ಎಂಬ ಗುರುತುಗಳಿರಲಿ. ಇವುಗಳ ನಡುವಿನದು ಪರದೆಯಲ್ಲಿ ಜಾಗ ಹಿಡಿಯುವುದಿಲ್ಲ ಎಂದು ರೀಡ್‌ಲೈನ್‌ಗೆ ತಿಳಿಸುವ ಗುರುತುಗಳವು. ಇವನ್ನು ಬಿಟ್ಟರೆ ಪ್ರಾಂಪ್ಟ್‌ನ ಉದ್ದದ ಲೆಕ್ಕ ತಪ್ಪಿ, ಉದ್ದನೆಯ ಆಜ್ಞೆ ಮುಂದಿನ ಸಾಲಿಗೆ ಹರಿಯುವಾಗ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಪ್ರಾಂಪ್ಟ್‌ನ ಪಠ್ಯವಾದ, ದೊಡ್ಡ ಅಕ್ಷರಗಳ ಪಿಎಸ್1ರೊಳಗೇ ಆದೇಶ ಸೇರಿಸುವವರು ಇದೇ ಕಾರಣಕ್ಕೆ ಅದನ್ನು \[ ಮತ್ತು \] ನಡುವೆ ಇಡುತ್ತಾರೆ. ವಿಐ ಶೈಲಿಯಲ್ಲಿ ಆಕಾರವನ್ನು ರೀಡ್‌ಲೈನ್ ನೋಡಿಕೊಳ್ಳುವುದರಿಂದ ಹಿಂದಿನ ಉತ್ತರದ ಪ್ರಾಂಪ್ಟ್_ಕಮಾಂಡ್ ನಿಮಗೆ ಬೇಕಾಗುವುದಿಲ್ಲ.

ಹೀಗೆ ಮಾಡಿದವರಿಗೆ ಎಸ್ಕೇಪ್ ಒತ್ತಿದ ಮೇಲೆ ಆಕಾರ ಬದಲಾಗುವುದು ಅರೆಕ್ಷಣ ತಡವಾದಂತೆ ಕಾಣುತ್ತದೆ. ಬಾಣದ ಕೀಲಿಗಳು ಕಳುಹಿಸುವ ಸಂಕೇತವೂ ಎಸ್ಕೇಪ್‌ನಿಂದಲೇ ಶುರುವಾಗುವುದರಿಂದ, ನೀವು ಒತ್ತಿದ್ದು ಬರೀ ಎಸ್ಕೇಪ್ ಕೀಲಿಯೋ ಅಥವಾ ಬಾಣದ ಮೊದಲ ಭಾಗವೋ ಎಂದು ತಿಳಿಯಲು ರೀಡ್‌ಲೈನ್ ಕಾಯುತ್ತದೆ. ಆ ಕಾಯುವಿಕೆ 500 ಮಿಲಿಸೆಕೆಂಡ್. ಕೀಸೀಕ್-ಟೈಮ್‌ಔಟ್ ಎಂಬ ಆಯ್ಕೆಯನ್ನು 50ಕ್ಕೆ ಇಳಿಸಿದರೆ ತಡವು ಕಣ್ಣಿಗೆ ಕಾಣದಷ್ಟಾಗುತ್ತದೆ. ನಿಧಾನಗತಿಯ ದೂರ ಸಂಪರ್ಕದಲ್ಲಿ ಕೆಲಸ ಮಾಡುವವರು ತೀರಾ ಇಳಿಸದಿರುವುದು ಒಳ್ಳೆಯದು. ಜೆಡ್‌ಶೆಲ್‌ನಲ್ಲಿ ಇದಕ್ಕೆ ಸಮನಾದ ಕೀಟೈಮ್‌ಔಟ್ ಎಂಬ ಚರದ ಲೆಕ್ಕ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿದ್ದು, ಮೊದಲಿಗೆ 40 ಇರುತ್ತದೆ. ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು.

ಮೇಲಿನ ಎರಡು ಸ್ಟ್ರಿಂಗ್‌ಗಳು ಬಂದದ್ದು 2016ರ ಬ್ಯಾಶ್ 4.4ರ ಜೊತೆಗೆ. ಮ್ಯಾಕ್‌ನೊಂದಿಗೆ ಬರುವ ಬ್ಯಾಶ್ ಇನ್ನೂ 3.2 ಆಗಿರುವುದರಿಂದ ಅಲ್ಲಿ ಇವು ಕೆಲಸ ಮಾಡುವುದಿಲ್ಲ. ಆದರೆ 2019ರಿಂದ ಅಲ್ಲಿನ ಮೂಲ ಶೆಲ್ ಜೆಡ್‌ಶೆಲ್ ಆಗಿದ್ದು, ಅದರಲ್ಲಿ ಜೆಡ್‌ಎಲ್‌ಇ-ಕೀಮ್ಯಾಪ್-ಸೆಲೆಕ್ಟ್ ಎಂಬ ಫಂಕ್ಷನ್ ಬರೆದುಕೊಂಡು ಇದನ್ನೇ ಸಾಧಿಸಬಹುದು. ಫಿಶ್ ಶೆಲ್‌ನಲ್ಲಿ ಫಿಶ್_ಕರ್ಸರ್_ಇನ್ಸರ್ಟ್‌ಗೆ ಲೈನ್, ಫಿಶ್_ಕರ್ಸರ್_ಡಿಫಾಲ್ಟ್‌ಗೆ ಬ್ಲಾಕ್ ಎಂದು ಕೊಟ್ಟರೆ ಸಾಕು.

ಪ್ರಶ್ನೆ: ಆಕಾರದಂತೆಯೇ ಬಣ್ಣವನ್ನೂ ಆಜ್ಞೆಯಿಂದ ಬದಲಾಯಿಸಬಹುದೇ? ದೂರದ ಸರ್ವರ್‌ಗೆ ಸಂಪರ್ಕಿಸಿದಾಗ ಮಾತ್ರ ಕರ್ಸರ್ ಕೆಂಪಾಗಿರಬೇಕು ಎಂಬುದು ನನ್ನ ಆಸೆ.

ಉತ್ತರ: ಒಳ್ಳೆಯ ಆಸೆ, ಯಾವ ಯಂತ್ರದಲ್ಲಿ ಕಡತ ಅಳಿಸುತ್ತಿದ್ದೇವೆ ಎಂಬುದು ಕಣ್ಣಮುಂದೆಯೇ ಇದ್ದರೆ ಎಷ್ಟೋ ಅನಾಹುತಗಳು ತಪ್ಪುತ್ತವೆ. ಬಣ್ಣದ ಆದೇಶದಲ್ಲಿ ಎಸ್ಕೇಪ್‌ನ ನಂತರ ಎಡ ಚೌಕಾವರಣದ ಬದಲು ಬಲ ಚೌಕಾವರಣ ಬರುತ್ತದೆ, ಪ್ರಿಂಟ್‌ಎಫ್‌ನಲ್ಲಿ \033]12; ಎಂದು ಬರೆದು, ಬಣ್ಣವನ್ನು ಸೇರಿಸಿ, ಕೊನೆಗೆ \007 ಎಂದು ಮುಗಿಸಬೇಕು. ಬಣ್ಣವನ್ನು ಹಲವು ಟರ್ಮಿನಲ್‌ಗಳಲ್ಲಿ ಇಂಗ್ಲಿಷ್ ಹೆಸರಿನಿಂದಲೂ ಹೇಳಬಹುದು, # ಚಿಹ್ನೆಯ ಮುಂದೆ ಆರು ಸ್ಥಾನಗಳ ಸಂಖ್ಯೆಯಾಗಿಯೂ ಹೇಳಬಹುದು. ಮರಳಿ ಮೊದಲಿನ ಬಣ್ಣಕ್ಕೆ ಬರಲು \033]112\007 ಸಾಕು. ಎಕ್ಸ್‌ಟರ್ಮ್, ಗ್ನೋಮ್ ಟರ್ಮಿನಲ್, ಕಿಟ್ಟಿ, ಅಲಕ್ರಿಟಿ, ವಿಂಡೋಸ್ ಟರ್ಮಿನಲ್‌ಗಳು ಇದನ್ನು ಪಾಲಿಸುತ್ತವೆ.

ಈ ಸಾಲನ್ನು ಸರ್ವರ್‌ನ ಬ್ಯಾಶ್ ಆರಂಭದ ಕಡತಕ್ಕೆ ಸೇರಿಸುವುದಕ್ಕಿಂತ ನಿಮ್ಮ ಯಂತ್ರದಲ್ಲೇ ಒಂದು ಪುಟ್ಟ ಶೆಲ್ ಫಂಕ್ಷನ್ ಬರೆದುಕೊಳ್ಳುವುದು ಉತ್ತಮ. ಅದು ಮೊದಲು ಕೆಂಪು ಬಣ್ಣದ ಆದೇಶ ಕಳುಹಿಸಲಿ, ನಂತರ ಸರ್ವರ್‌ಗೆ ಸಂಪರ್ಕಿಸುವ ಎಸ್‌ಎಸ್‌ಎಚ್ ಆಜ್ಞೆಯನ್ನು ನಡೆಸಲಿ, ಅದು ಮುಗಿದ ಮೇಲೆ 112ರ ಆದೇಶ ಕಳುಹಿಸಲಿ. ಸಂಪರ್ಕ ಅರ್ಧದಲ್ಲೇ ಕಡಿದುಹೋದಾಗ ಸರ್ವರ್‌ನಲ್ಲಿ ಬರೆದಿಟ್ಟ ಮರಳಿಸುವ ಸಾಲು ನಿಮ್ಮನ್ನು ತಲುಪುವುದಿಲ್ಲ. ನಿಮ್ಮ ಯಂತ್ರದಲ್ಲಿರುವ ಸಾಲು ಆಗಲೂ ಕೆಲಸ ಮಾಡುತ್ತದೆ.

ಚೌಕಾಕಾರದ ಕರ್ಸರ್‌ಗೆ ಬಣ್ಣ ಆರಿಸುವವರು ಅದರಡಿಯ ಅಕ್ಷರವನ್ನೂ ಗಮನಿಸಬೇಕು. ಹಲವು ಟರ್ಮಿನಲ್‌ಗಳು ಆ ಅಕ್ಷರವನ್ನು ಹಿನ್ನೆಲೆಯ ಬಣ್ಣದಲ್ಲಿ ತೋರಿಸುತ್ತವೆ. ಕಪ್ಪು ಹಿನ್ನೆಲೆಯಿದ್ದು ಕಡುಗೆಂಪು ಕರ್ಸರ್ ಇಟ್ಟರೆ ಕಡುಗೆಂಪಿನ ಮೇಲೆ ಕಪ್ಪಕ್ಷರ ಓದಲಾಗದು. ವೆಬ್ ಪುಟಗಳ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಬೇಕೆಂದಿದೆ. ಟರ್ಮಿನಲ್‌ಗೂ ಅದೇ ಅಳತೆಯನ್ನು ಹಿಡಿದರೆ ತಪ್ಪಿಲ್ಲ. ಕಿಟ್ಟಿ, ಅಲಕ್ರಿಟಿಗಳಲ್ಲಿ ಕರ್ಸರ್‌ನಡಿಯ ಅಕ್ಷರಕ್ಕೆ ಬೇರೆಯೇ ಬಣ್ಣ ಕೊಡುವ ಆಯ್ಕೆ ಇದೆ.

ಪ್ರಶ್ನೆ: ಒಂದು ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿದೆ. ಅಂದಿನಿಂದ ಆ ಕಿಟಕಿಯಲ್ಲಿ ಕರ್ಸರ್ ಕಾಣುತ್ತಲೇ ಇಲ್ಲ.

ಉತ್ತರ: ಪ್ರಗತಿಯ ಪಟ್ಟಿ, ಪಟ್ಟಿಯಿಂದ ಆಯ್ಕೆ ಮುಂತಾದವನ್ನು ತೋರಿಸುವ ಪ್ರೋಗ್ರಾಮ್‌ಗಳು ಕೆಲಸ ನಡೆಯುವಷ್ಟು ಹೊತ್ತು ಕರ್ಸರ್ ಅನ್ನು ಅಡಗಿಸುತ್ತವೆ, ನಡುವೆ ಕೊಂದರೆ ಮತ್ತೆ ತೋರಿಸುವ ಆದೇಶ ಹೊರಡುವುದೇ ಇಲ್ಲ. ಟಿಪುಟ್ ಸಿನಾರ್ಮ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಕರ್ಸರ್ ಮರಳುತ್ತದೆ. ಅಕ್ಷರಗಳೂ ಗೋಜಲಾಗಿದ್ದರೆ ರೀಸೆಟ್ ಎಂಬ ಆಜ್ಞೆಯನ್ನು ಕೊಡಿ. ಕೆಲವರು ಸೂಚಿಸುವ ಎಸ್‌ಟಿಟಿವೈ ಸೇನ್ ಎಂಬುದು ಕೀಲಿಗಳ ವರ್ತನೆಯನ್ನು ಸರಿಪಡಿಸುತ್ತದೆಯೇ ಹೊರತು ಅಡಗಿದ ಕರ್ಸರ್ ಅನ್ನು ತೋರಿಸುವುದಿಲ್ಲ. ನೀವೇ ಸ್ಕ್ರಿಪ್ಟ್ ಬರೆಯುವವರಾದರೆ, ಟಿಪುಟ್ ಸಿವಿಸ್ ಎಂದು ಕರ್ಸರ್ ಅಡಗಿಸುವ ಮುನ್ನವೇ ಟ್ರ್ಯಾಪ್ ಆಜ್ಞೆಯ ಮೂಲಕ ದೊಡ್ಡ ಅಕ್ಷರಗಳ ಎಕ್ಸಿಟ್‌ಗೆ ಟಿಪುಟ್ ಸಿನಾರ್ಮ್ ಅನ್ನು ಕಟ್ಟಿಡಿ. ಕಿಲ್ ಆಜ್ಞೆಗೆ 9 ಸೇರಿಸಿ ಕೊಂದರೆ ಮಾತ್ರ ಟ್ರ್ಯಾಪ್‌ಗೂ ಅವಕಾಶ ಸಿಗುವುದಿಲ್ಲ.

ಪ್ರಶ್ನೆ: ಲಿನಕ್ಸ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಬರುವ ಕಪ್ಪು ಪರದೆಯಲ್ಲಿ ನೀವು ಹಿಂದೆ ಒಮ್ಮೆ ತಿಳಿಸಿದ್ದ ಕ್ಯೂ ಅಕ್ಷರದ ಆದೇಶ ಕೆಲಸ ಮಾಡಲಿಲ್ಲ. ಅಲ್ಲಿನ ಅಡಿಗೆರೆ ಬಹಳ ತೆಳುವಾಗಿದೆ.

ಉತ್ತರ: ಆ ಪರದೆಯನ್ನು ನಡೆಸುವುದು ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್, ಅದರ ಭಾಷೆ ಬೇರೆ. ಅಲ್ಲಿ ಆದೇಶದ ಕೊನೆಯ ಅಕ್ಷರ ಸಿ. ಪ್ರಿಂಟ್‌ಎಫ್‌ನೊಳಗೆ \033[?6 ಎಂದು ಬರೆದು, ಜಾಗ ಬಿಡದೆ ಸಣ್ಣ ಸಿ ಸೇರಿಸಿದರೆ ಪೂರ್ಣ ಚೌಕ ಸಿಗುತ್ತದೆ. ಅಲ್ಲಿನ ಅಂಕಿಗಳ ಅರ್ಥ ಎತ್ತರಕ್ಕೆ ಸಂಬಂಧಿಸಿದ್ದು: 1 ಎಂದರೆ ಕಾಣಿಸದು, 2 ಅಡಿಗೆರೆ, 3 ಕೆಳಗಿನ ಮೂರನೆಯ ಒಂದು ಭಾಗ, 4 ಅರ್ಧ, 5 ಮೂರನೆಯ ಎರಡು ಭಾಗ, 6 ಪೂರ್ತಿ.

ಇದಕ್ಕಿಂತ ಸ್ವಾರಸ್ಯದ್ದು ಕರ್ನಲ್‌ನ ಕೈಪಿಡಿಯಲ್ಲೇ ಇರುವ ಇನ್ನೊಂದು ಉದಾಹರಣೆ: \033[?17;0;64 ಮತ್ತು ಸಿ. ಇದು ಮಿನುಗದ ಕೆಂಪು ಚೌಕವನ್ನು ಕೊಡುತ್ತದೆ. ಮೊದಲ ಸಂಖ್ಯೆಯಾದ 17ನ್ನು 16 ಮತ್ತು 1 ಎಂದು ಒಡೆದು ಓದಬೇಕು. 1 ಯಂತ್ರದ ಸ್ವಂತ ಕರ್ಸರ್ ಅನ್ನು ಮರೆಮಾಡುತ್ತದೆ, 16 ಅದರ ಬದಲು ಕರ್ನಲ್ ತಾನೇ ಬಣ್ಣ ಬದಲಿಸಿ ತೋರಿಸುವ ಕರ್ಸರ್ ಅನ್ನು ಮೂಡಿಸುತ್ತದೆ. ನಡುವಿನ ಸಂಖ್ಯೆ ಅಕ್ಷರದ ಬಣ್ಣದ ಯಾವ ಬಿಟ್‌ಗಳನ್ನು ತಿರುವುಮುರುವು ಮಾಡಬೇಕೆಂದು, ಕೊನೆಯದು ಯಾವುವನ್ನು ಹೊತ್ತಿಸಬೇಕೆಂದು ಹೇಳುತ್ತವೆ. 64 ಹಿನ್ನೆಲೆಯ ಕೆಂಪು ಬಿಟ್. ಹಸಿರು ಬೇಕಾದವರು ಅಲ್ಲಿ 32, ನೀಲಿ ಬೇಕಾದವರು 16 ಬರೆಯಬಹುದು.

ಆರಂಭದ ಕಡತದಲ್ಲಿ ಇದನ್ನು ಸೇರಿಸುವಾಗ ದೊಡ್ಡ ಅಕ್ಷರಗಳ ಟರ್ಮ್ ಎಂಬ ಚರದ ಬೆಲೆ ಲಿನಕ್ಸ್ ಎಂದಿದ್ದರೆ ಮಾತ್ರ ಕಳುಹಿಸುವಂತೆ ಷರತ್ತು ಹಾಕಿ. ಲಾಗಿನ್ ಆಗುವ ಮುನ್ನವೇ ಈ ರೂಪ ಬೇಕೆಂದರೆ ಕರ್ನಲ್‌ಗೆ ವಿಟಿ.ಕರ್_ಡಿಫಾಲ್ಟ್ ಎಂಬ ಬೂಟ್ ನಿಯತಾಂಕವಿದೆ. ಅದಕ್ಕೆ ಮೂರು ಸಂಖ್ಯೆಗಳನ್ನೂ ಹಿಂದುಮುಂದಾಗಿ ಜೋಡಿಸಿ ಒಂದೇ ಸಂಖ್ಯೆಯಾಗಿ ಕೊಡಬೇಕು: 64ನ್ನು 65536ರಿಂದ, 0ಯನ್ನು 256ರಿಂದ ಗುಣಿಸಿ, ಅದಕ್ಕೆ 17 ಕೂಡಿಸಿದರೆ 4194321 ಬರುತ್ತದೆ. ಕೆಂಪು ಚೌಕಕ್ಕೆ ಕೊಡಬೇಕಾದ ಸಂಖ್ಯೆ ಅದೇ.

ಪ್ರಶ್ನೆ: ಎಲ್ಲವೂ ಸರಿಯಾಗಿದ್ದರೂ ಟಿಮಕ್ಸ್ ಒಳಗೆ ಹೋದರೆ ಆಕಾರ ಬದಲಾಗುವುದೇ ಇಲ್ಲ. ಏಕೆ?

ಉತ್ತರ: ಒಂದೇ ಕಿಟಕಿಯಲ್ಲಿ ಹಲವು ಶೆಲ್‌ಗಳನ್ನು ನಡೆಸಲು ಬಳಸುವ ಟಿಮಕ್ಸ್, ನಡುವೆ ಕುಳಿತಿರುವ ಇನ್ನೊಂದು ಟರ್ಮಿನಲ್. ನಿಮ್ಮ ಪ್ರೋಗ್ರಾಮ್ ಕೊಟ್ಟ ಆದೇಶವನ್ನು ಅದು ತಾನೇ ತೆಗೆದುಕೊಳ್ಳುತ್ತದೆ, ಹೊರಗಿನ ಟರ್ಮಿನಲ್‌ಗೆ ಆಕಾರ ಬದಲಿಸುವ ಶಕ್ತಿಯಿದೆ ಎಂದು ಖಾತರಿಯಾದರೆ ಮಾತ್ರ ಮುಂದಕ್ಕೆ ಕಳುಹಿಸುತ್ತದೆ. ಆ ಖಾತರಿಗಾಗಿ ಅದು ನೋಡುವುದು ಟರ್ಮ್‌ಇನ್ಫೋ ಎಂಬ ವಿವರಪಟ್ಟಿಯಲ್ಲಿನ ಎಸ್‌ಎಸ್ ಮತ್ತು ಎಸ್‌ಇ (ಎರಡರಲ್ಲೂ ಮೊದಲನೆಯದು ಮಾತ್ರ ದೊಡ್ಡ ಅಕ್ಷರ) ಎಂಬ ನಮೂದುಗಳನ್ನು. ಅವಿಲ್ಲದಿದ್ದರೆ ಆದೇಶ ಅಲ್ಲಿಗೇ ನಿಲ್ಲುತ್ತದೆ. ಹೊಸ ಆವೃತ್ತಿಗಳಲ್ಲಿ ಟರ್ಮಿನಲ್-ಫೀಚರ್ಸ್ ಎಂಬ ಆಯ್ಕೆಗೆ ನಿಮ್ಮ ಹೊರಗಿನ ಟರ್ಮಿನಲ್‌ನ ಹೆಸರಿನೊಡನೆ ಸಿಸ್ಟೈಲ್ ಎಂಬ ಪದವನ್ನು ಸೇರಿಸಿದರೆ ಆಕಾರಕ್ಕೆ ದಾರಿ ತೆರೆಯುತ್ತದೆ; ಬಣ್ಣಕ್ಕೆ ಸಿಕಲರ್, ಬ್ರಿಟಿಷ್ ಕಾಗುಣಿತದಲ್ಲಿ. ಹಳೆಯ ಆವೃತ್ತಿಯವರು ಟರ್ಮಿನಲ್-ಓವರ್‌ರೈಡ್ಸ್ ಮೂಲಕ ಆ ಎರಡು ನಮೂದುಗಳನ್ನು ಕೈಯಾರೆ ಬರೆಯಬೇಕು.

ಪ್ರಶ್ನೆ: ಕರ್ಸರ್ ಮಿನುಗುತ್ತಿದ್ದರೆ ಗಮನ ಚದುರುತ್ತದೆ. ಆದರೂ ಎಲ್ಲರೂ ಅದನ್ನು ಏಕೆ ಇಟ್ಟುಕೊಂಡಿದ್ದಾರೆ?

ಉತ್ತರ: ಕ್ಯಾಥೋಡ್ ಕೊಳವೆಯ ಪರದೆಯಲ್ಲಿ ಅಕ್ಷರಗಳ ನಡುವೆ ಗುರುತನ್ನು ಬೇರ್ಪಡಿಸಲು ಅದು ಒಳ್ಳೆಯ ದಾರಿಯಾಗಿತ್ತು. ಸ್ಪೆರ್ರಿ ರಾಂಡ್ ಕಂಪನಿಯ ಚಾರ್ಲ್ಸ್ ಕೀಸ್ಲಿಂಗ್ ಮಿನುಗುವ ಕರ್ಸರ್‌ಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1967ರಲ್ಲಿ. 1978ರ ವಿಟಿ100 ಟರ್ಮಿನಲ್‌ನಲ್ಲಿ ಚೌಕ ಬೇಕೋ ಅಡಿಗೆರೆ ಬೇಕೋ ಎಂದು ಆರಿಸಬಹುದಿತ್ತು, ಆದರೆ ಎರಡೂ ಮಿನುಗುತ್ತಿದ್ದವು. ಬಣ್ಣವೇ ಇಲ್ಲದ ಆ ಪರದೆಗಳಲ್ಲಿ ಬೇರೆ ಉಪಾಯವೂ ಹೆಚ್ಚಿರಲಿಲ್ಲ. ಇಂದು ಬಣ್ಣವಿರುವಾಗ ಮಿನುಗು ಅನಿವಾರ್ಯವಲ್ಲ ಎಂಬುದು ನಮ್ಮ ಅಭಿಪ್ರಾಯ. 2, 4, 6ರಲ್ಲಿ ಯಾವುದಾದರೊಂದನ್ನು ಧೈರ್ಯವಾಗಿ ಬಳಸಿ.

ಪೂರ್ತಿ ಬಿಡಲು ಮನಸ್ಸಿಲ್ಲದವರಿಗೆ ನಡುವಿನ ದಾರಿಯೂ ಇದೆ. ಎಕ್ಸ್‌ಟರ್ಮ್‌ನಲ್ಲಿ ಮಿನುಗನ್ನು ಆರಿಸಿದರೆ ಕರ್ಸರ್ 600 ಮಿಲಿಸೆಕೆಂಡ್ ಬೆಳಗಿ 300 ಮಿಲಿಸೆಕೆಂಡ್ ಆರಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹಿಗ್ಗಿಸಬಹುದು. ಕೀಲಿ ಒತ್ತದೆ 15 ಸೆಕೆಂಡ್ ಕಳೆದರೆ ಕಿಟ್ಟಿಯೂ, 10 ಸೆಕೆಂಡ್ ಕಳೆದರೆ ಕಿಟಕಿ, ಗುಂಡಿಗಳನ್ನು ಮೂಡಿಸುವ ಜಿಟಿಕೆ ಲೈಬ್ರರಿಯ ಮೂಲ ಹೊಂದಿಕೆಯನ್ನು ಅನುಸರಿಸುವ ತಂತ್ರಾಂಶಗಳೂ ಮಿನುಗುವುದನ್ನು ತಾವೇ ನಿಲ್ಲಿಸುತ್ತವೆ. ಸುಮ್ಮನಿರುವ ಪರದೆಯನ್ನು ಮತ್ತೆ ಮತ್ತೆ ಚಿತ್ರಿಸುವುದು ತಪ್ಪುವುದರಿಂದ ಬ್ಯಾಟರಿಗೂ ಅಷ್ಟು ಹಗುರ.

ಪ್ರಶ್ನೆ: ಟರ್ಮಿನಲ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಕರ್ಸರ್ ಅಕ್ಷರದಿಂದ ದೂರ ನಿಲ್ಲುತ್ತದೆ. ಆಕಾರ ಬದಲಾಯಿಸಿದರೆ ಸರಿಹೋದೀತೇ?

ಉತ್ತರ: ಪೂರ್ತಿ ಸರಿಹೋಗದು. ಟರ್ಮಿನಲ್‌ನ ಪರದೆ ಸಮಾನ ಅಗಲದ ಮನೆಗಳ ಜಾಲ, ಕರ್ಸರ್ ಯಾವಾಗಲೂ ಒಂದು ಮನೆಯಲ್ಲಿ ನಿಲ್ಲುತ್ತದೆ. ಒಂದು ಅಕ್ಷರಕ್ಕೆ ಎಷ್ಟು ಮನೆ ಎಂಬ ಲೆಕ್ಕವನ್ನು ಶೆಲ್ ಒಂದು ಕಡೆ, ಟರ್ಮಿನಲ್ ಇನ್ನೊಂದು ಕಡೆ, ತಮ್ಮ ತಮ್ಮ ಕೋಷ್ಟಕ ನೋಡಿ ಹಾಕುತ್ತವೆ. ಯೂನಿಕೋಡ್ ನಮ್ಮ ‘ಿ’ ಚಿಹ್ನೆಯನ್ನು ಜಾಗ ಹಿಡಿಯದ ಗುಂಪಿಗೆ, ‘ಾ’ ಚಿಹ್ನೆಯನ್ನು ಜಾಗ ಹಿಡಿಯುವ ಗುಂಪಿಗೆ ಸೇರಿಸಿದೆ. ‘ಕ್ಷ’ ಎಂಬಲ್ಲಿ ಎರಡು ವ್ಯಂಜನಗಳಿರುವುದರಿಂದ ಲೆಕ್ಕಕ್ಕೆ ಎರಡು ಮನೆ, ಆದರೆ ಅಕ್ಷರಶೈಲಿ ಮೂಡಿಸುವುದು ಒಂದೇ ಆಕೃತಿ. ಎರಡು ಕೋಷ್ಟಕಗಳು ಒಂದನ್ನೊಂದು ಒಪ್ಪದಿದ್ದರೆ ಕರ್ಸರ್ ದೂರ ಸರಿಯುತ್ತದೆ, ಒಪ್ಪಿದರೂ ಆಕೃತಿಯ ಪಕ್ಕದಲ್ಲಿ ಖಾಲಿ ಉಳಿಯಬಹುದು. ಆಕಾರದಿಂದ ಆಗುವ ಸಹಾಯ ಇಷ್ಟು: ಚೌಕ ಇಟ್ಟರೆ ಒತ್ತಕ್ಷರದ ಅರ್ಧ ಮಾತ್ರ ಮುಚ್ಚಿ ಓದಲು ತೊಡಕಾಗುತ್ತದೆ, ಅಡಿಗೆರೆ ಇಟ್ಟರೆ ಕೆಳಗೆ ಇಳಿಯುವ ಒತ್ತುಗಳೊಡನೆ ಬೆರೆತುಹೋಗುತ್ತದೆ, ಕಡ್ಡಿ ಎರಡನ್ನೂ ಕೆಡಿಸುವುದಿಲ್ಲ. ಉದ್ದನೆಯ ಕನ್ನಡ ಪಠ್ಯವಿದ್ದರೆ ಅದನ್ನು ಚಿತ್ರಾತ್ಮಕ ಸಂಪಾದಕದಲ್ಲಿ ಬರೆದು ಕಡತವಾಗಿ ಉಳಿಸಿ, ಟರ್ಮಿನಲ್‌ನಲ್ಲಿ ಆ ಕಡತದ ಹೆಸರನ್ನಷ್ಟೇ ಬಳಸಿ.